ಚಮಕ್ ಅಂದುಕೊಂಡ ಬಿಳಿ ಕಲೆ

ಕಳೆದ ವಾರದ ಮಾತು. ಕಾಕು ಶಟರನ್ನು ಅರ್ಧಕ್ಕೆ ಎತ್ತಿ ಬಗ್ಗಿ ಒಳಹೋದರು. ಅವರ ಹಿಂದೆ ನಾನೂ ಬಗ್ಗಿದೆ. ಕಣ್ಣಿಗೆ ಏನೂ ಕಾಣುವ ಮೊದಲೇ ವಾಸನೆ ಬಂತು. ಲೆನ್ಸ್ ಒರೆಸುವ ಸ್ಪಿರಿಟ್ಟು, ಕ್ಯಾಮೆರಾ ಬ್ಯಾಗುಗಳ ರೆಕ್ಸಿನ್ನು, ಎರಡರ ಅಡಿಯಲ್ಲಿ ಸಣ್ಣಗೆ ಸುಣ್ಣ ತಿಕ್ಕಿದ ತಂಬಾಕು. ಅಂಗಡಿಯ ಮನುಷ್ಯ ಹೋಗಿ ವರ್ಷದ ಮೇಲಾಯಿತು, ಶಟರು ಇಳಿದೂ ಅಷ್ಟೇ ಕಾಲ. ವಾಸನೆ ಮಾತ್ರ ಜಾಗ ಬಿಟ್ಟಿರಲಿಲ್ಲ... ನಾನು ಹಲ್ಲಿನ ಡಾಕ್ಟರು, ವಾಸನೆಗೆ ಹೆದರುವವಳಲ್ಲ. ಅವತ್ತು ಹೆದರಿದೆ. ತಿರುಗಿ ಸೇಡಂ ರಸ್ತೆಯ ಗದ್ದಲಕ್ಕೆ ಓಡಿಹೋಗೋಣ ಅನ್ನಿಸಿತು.

ಕಾಕು ಫೋನ್ ಮಾಡಿ ಕರೆಸಿದ್ದರು. ಈ ಅಂಗಡಿ ಅವರ ಗಂಡನದು. ಅದರ ಮೇಲೆಯೇ ಅವರ ಮನೆ. ಈಗ ಅಂಗಡಿಯನ್ನು ಮೊಬೈಲ್ ಕವರ್ ಮಾರುವವರಿಗೆ ಬಾಡಿಗೆಗೆ ಕೊಟ್ಟಿದ್ದರು, ಕಂಪ್ಯೂಟರು ಮಾರುವುದಿತ್ತು. ಅದರೊಳಗೆ ಮನೆಯ ಫೋಟೋಗಳಿದ್ದರೆ ಪೆನ್‌ಡ್ರೈವಿಗೆ ಹಾಕಿಕೊಡು ಎಂದಿದ್ದರು. "ನಿನಗ ಗೊತ್ತಾಗ್ತದವ್ವಾ. ನನಗ ಆ ಡಬ್ಬಿ ಮುಟ್ಟಲಾಕ ಅಂಜಿಕಿ." ಅಂಜಿಕೆ ತಮಗೊಬ್ಬರಿಗೇ ಅಂತ ಅವರು ತಿಳಿದಿದ್ದರು.

ಅವರ ಗಂಡನನ್ನು ನಾನು ಕಾಕಾ ಎನ್ನುತ್ತಿದ್ದೆ, ಅದಕ್ಕೇ ಇವರು ಕಾಕು. ರಕ್ತಸಂಬಂಧವೇನೂ ಇಲ್ಲ. ನಮ್ಮ ಕಲಬುರಗಿಯಲ್ಲಿ ನರೆಗೂದಲಿನ ಅಂಗಡಿಯವರೆಲ್ಲ ಕಾಕಾನೇ. ಹಣೆಗೆ ಮೂರು ಬೆರಳಿನ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಎಡಗೆನ್ನೆಯೊಳಗೆ ಸದಾ ಒಂದು ಸಣ್ಣ ಉಬ್ಬು. ಆ ಉಬ್ಬಿನಲ್ಲಿ ತಂಬಾಕು ಇರುತ್ತಿತ್ತು. ಮದುವೆ ಫೋಟೋ ತೆಗೆಯುವವರಿಗೆ ಕ್ಯಾಮೆರಾ ಮಾರುವುದು, ಬಾಡಿಗೆಗೆ ಕೊಡುವುದು, ಕೆಟ್ಟ ಲೆನ್ಸ್ ಬಿಚ್ಚಿ ಕೂಡಿಸುವುದು ಅವರ ಕಸುಬು. ಗಿರಾಕಿ ಕೇಳಿದ್ದನ್ನು ಕೊಟ್ಟು ಕಳಿಸುವ ಅಭ್ಯಾಸ ಅವರಿಗೆ ಇರಲಿಲ್ಲ. ಯಾಕೆ ಬೇಕು, ಯಾವುದರ ಫೋಟೋ, ಎಷ್ಟು ದೂರದಿಂದ ಎಂದು ವಕೀಲರ ಹಾಗೆ ಕೇಳಿ, ಕೊನೆಗೆ ಬೇರೆಯದನ್ನೇ ಕೈಗೆ ಕೊಡುತ್ತಿದ್ದರು.

ನನ್ನನ್ನು ಅವರ ಅಂಗಡಿಗೆ ಕರೆದೊಯ್ದದ್ದೂ ಹೆದರಿಕೆಯೇ. ಆಗ ಕಮಲಾಪುರದಲ್ಲಿ ನನ್ನ ಕ್ಲಿನಿಕ್ ತೆರೆದು ಒಂದು ವರ್ಷವಾಗಿತ್ತು. ಕುಸನೂರಿನ ನಮ್ಮ ಮನೆಯಿಂದ ಆಟೋದಲ್ಲಿ ಬಸ್ ಸ್ಟ್ಯಾಂಡು, ಅಲ್ಲಿಂದ ಹುಮನಾಬಾದ್ ಬಸ್ಸು. ದಿನವೂ ಅದೇ ದಾರಿ. ಕುರ್ಚಿಗೆ ಬಂದು ಕೂತವರಲ್ಲಿ ಬಹಳ ಜನ ಗುಟ್ಕಾದವರು, ತಂಬಾಕಿನವರು, ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯನ್ನು ಹಲ್ಲಿಗೆ ತಿಕ್ಕುವ ಹೆಂಗಸರು. ಹಲ್ಲು ನೋವು ಅಂತ ಬಾಯಿ ತೆರೆದರೆ ನನ್ನ ಕಣ್ಣು ಹಲ್ಲು ಬಿಟ್ಟು ಕೆನ್ನೆಯ ಒಳಗೋಡೆಗೆ ಹೋಗುತ್ತಿತ್ತು. ಇದು ಬರೀ ಹುಣ್ಣೋ, ಬೇರೆ ಏನೋ? ಗೊತ್ತಾಗದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ನನ್ನ ಕಾಲೇಜಿನ ಗುರುಗಳಿಗೆ ಕಳಿಸುತ್ತಿದ್ದೆ. ಒಂದು ದಿನ ಅವರು ಸಿಟ್ಟಿನಿಂದಲೇ ಬರೆದರು: ನಿಮ್ಮ ಫೋಟೋದಲ್ಲಿ ಮುಂದಿನ ಹಲ್ಲು ಚೆನ್ನಾಗಿ ಬಂದಿದೆ, ನೋಡಬೇಕಾದ್ದು ಮಸುಕಾಗಿದೆ, ಇದನ್ನು ನೋಡಿ ಏನು ಹೇಳಲಿ? ಆ ಪೇಷಂಟಿನದು ಕೊನೆಗೆ ಸಾದಾ ಹುಣ್ಣೇ ಆಗಿತ್ತು. ಆದರೆ ಅದು ಗೊತ್ತಾಗುವವರೆಗಿನ ಎಂಟು ದಿನ ನನಗೆ ಊಟ ಸೇರಲಿಲ್ಲ. ನಾನು ನೋಡದೇ ಬಿಟ್ಟ ಒಂದು ಕಲೆಯಿಂದ ಯಾರಾದರೂ ಸತ್ತರೆ? ಆ ಪ್ರಶ್ನೆಯನ್ನು ಹೊತ್ತೇ ಕಾಕಾನ ಅಂಗಡಿಯ ಮೆಟ್ಟಿಲು ಹತ್ತಿದೆ.

ಹತ್ತಿರದ್ದನ್ನು ದೊಡ್ಡದಾಗಿ ತೋರಿಸುವ, ಫೋನಿಗೆ ಸಿಕ್ಕಿಸುವ ಒಂದು ಪುಟ್ಟ ಮ್ಯಾಕ್ರೋ ಲೆನ್ಸ್ ಸಾಕು ಎಂದುಕೊಂಡಿದ್ದೆ. ಕಾಕಾ ಅದನ್ನು ಡ್ರಾಯರಿನಿಂದ ತೆಗೆದು ನನ್ನ ಫೋನಿಗೆ ಸಿಕ್ಕಿಸಿ, ನನ್ನ ಬೆರಳಿನ ಮೇಲೆಯೇ ಹಿಡಿದರು. ಉಗುರಿಗೆ ತಾಗುವಷ್ಟು ಹತ್ತಿರ ಹೋದ ಮೇಲೆ ಚಿತ್ರ ಸ್ಪಷ್ಟವಾಯಿತು, ಆದರೆ ಫೋನಿನ ನೆರಳೇ ಬೆರಳ ಮೇಲೆ ಬಿದ್ದು ಕತ್ತಲಾಯಿತು. "ಬಾಯಾಗ ಇಷ್ಟ ಹತ್ರ ಹೋದ್ರ ಪೇಷಂಟ್ ಉಸುರ್ ಬಿಡ್ತಾನ, ಕಾಜಿನ ಮ್ಯಾಲ ಹಬಿ ಕೂಡ್ತದ. ಆಮ್ಯಾಲ ನೀವು ಫೋಟೋ ತಗೀತಿರೋ, ಕಾಜ ಒರಸ್ತಿರೋ?" ನಾನು ಬಾಯಿಯ ಡಾಕ್ಟರು ಎಂದು ತಿಳಿದ ಮೇಲಂತೂ ಅವರಿಗೆ ಸಲಿಗೆ ಬಂತು. ಹೆಣ್ಣುಮಕ್ಕಳಿಗೆ ಮರ್ಯಾದೆಯಿಂದ 'ಬಾಯಿ' ಅನ್ನುವುದು ನಮ್ಮ ಕಡೆಯ ವಾಡಿಕೆ. ಅವರು ನನ್ನನ್ನು 'ಬಾಯಿ ಡಾಕ್ಟರಬಾಯಿ' ಎಂದು ಕರೆದು ತಾವೇ ನಕ್ಕರು.

ಆಮೇಲೆ ಪಾಠ ಶುರುವಾಯಿತು. ಕೌಂಟರಿನ ಮೇಲೆ ಎರಡು ಮ್ಯಾಕ್ರೋ ಲೆನ್ಸ್ ಇಟ್ಟರು, ಒಂದು ಅರವತ್ತು ಮಿಲಿಮೀಟರಿನದು, ಒಂದು ನೂರರದು. ಎರಡೂ ಹುರುಳಿಕಾಳನ್ನು ಹುರುಳಿಕಾಳಿನಷ್ಟೇ ದೊಡ್ಡದಾಗಿ ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೆ ಇಳಿಸುತ್ತವೆ, ಆದರೆ ಅರವತ್ತರದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಬೇಕು, ನೂರರದಕ್ಕೆ ಒಂದು ಮೊಳ ಹಿಂದೆಯೇ ನಿಲ್ಲಬಹುದು ಎಂದರು. ಹುಳ ಹಾರಿ ಹೋಗಬಾರದು, ಪೇಷಂಟ್ ಹೆದರಬಾರದು ಅಂದರೆ ದೂರ ಬೇಕು. ಹೊಸ ಲೆನ್ಸ್ ತುಟ್ಟಿ; ಹೈದರಾಬಾದಿನಿಂದ ಒಂದು ಸೆಕೆಂಡ್ ಹ್ಯಾಂಡ್ ನೂರರದು ತರಿಸಿಕೊಡುತ್ತೇನೆ, ಅಲ್ಲಿಯವರೆಗೆ ಹಳೆಯ ಕ್ಯಾಮೆರಾ ಬಾಡಿ, ಐವತ್ತರ ಸಾದಾ ಲೆನ್ಸು, ನಡುವೆ ಹಾಕುವ ಒಂದು ಎಕ್ಸ್‌ಟೆನ್ಶನ್ ಟ್ಯೂಬು ಒಯ್ದು ರೂಢಿ ಮಾಡಿಕೊಳ್ಳಿ ಎಂದರು. ಟ್ಯೂಬು ಅಂದರೆ ಒಳಗೆ ಗಾಜೇ ಇಲ್ಲದ ಖಾಲಿ ಡಬ್ಬಿ. ಲೆನ್ಸನ್ನು ಸ್ವಲ್ಪ ಮುಂದೆ ತಳ್ಳುತ್ತದೆ, ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. ಫ್ಲ್ಯಾಶು ಮಾತ್ರ ಲೆನ್ಸಿನ ಸುತ್ತ ಬಳೆಯ ಹಾಗೆ ಕೂಡುವ ರಿಂಗ್ ಫ್ಲ್ಯಾಶೇ ಆಗಬೇಕು, ಬೇರೆ ಯಾವುದರ ಬೆಳಕೂ ದವಡೆಯ ಕೊನೆಗೆ ಮುಟ್ಟುವುದಿಲ್ಲ ಎಂದು ಅದನ್ನೂ ಕಟ್ಟಿಕೊಟ್ಟರು.

"ಫೋಕಸ್ ರಿಂಗ್ ತಿರಗಸಬ್ಯಾಡ್ರಿ. ಒಂದ ಕಡಿ ಇಟ್ಟು, ಉಸುರ್ ಹಿಡದು, ನೀವ ಹಿಂದ ಮುಂದ ಆಗ್ರಿ. ಒಂದ ಕೂದಲೆಳಿ ಅಷ್ಟ." ರೂಢಿಗೆ ನಿಮ್ಮ ಕಮಲಾಪುರದ ಕೆಂಪು ಬಾಳೆಹಣ್ಣೇ ಸಾಕು ಎಂದರು. ಸಿಪ್ಪೆ ಸುಲಿದು ಒಳಭಾಗದ ಫೋಟೋ ತೆಗೆಯಿರಿ, ಅದೂ ಹಸಿ, ಬಾಯಿಯ ಒಳಗೂ ಹಸಿ, ಎರಡರ ಮೇಲೂ ಫ್ಲ್ಯಾಶಿನ ಬಿಳಿ ಚಮಕ್ ಬೀಳುತ್ತದೆ. ಚಮಕ್ ಯಾವುದು, ಕಲೆ ಯಾವುದು ಅಂತ ಗೊತ್ತಾಗದಿದ್ದರೆ ನಿಮ್ಮ ಗುರುಗಳು ಮತ್ತೆ ಬೈಯುತ್ತಾರೆ. ಅದನ್ನು ಕಂಡುಹಿಡಿಯಲು ಅವರು ಒಂದು ಮಾತು ಹೇಳಿಕೊಟ್ಟರು. "ಬೆಳಕ ಸರಸ್ರಿ. ಚಮಕ್ ಇದ್ರ ಬೆಳಕಿನ ಹಿಂದ ಓಡ್ತದ. ಕಲಿ ಇದ್ರ ಕುಂತಲ್ಲೇ ಕುಂತಿರ್ತದ."

ಎರಡು ವಾರ ನಾನು ಬಾಳೆಹಣ್ಣಿನ ಸಿಪ್ಪೆಯ ಫೋಟೋ ತೆಗೆದೆ. ಕ್ಲಿನಿಕ್ಕಿನಲ್ಲಿ ಪೇಷಂಟ್ ಇಲ್ಲದ ಹೊತ್ತಿನಲ್ಲಿ ಉಸಿರು ಕಟ್ಟಿ ಹಿಂದೆ ಮುಂದೆ ತೂಗುವ ನನ್ನನ್ನು ನೋಡಿ ಪಕ್ಕದ ಮೆಡಿಕಲ್ ಶಾಪಿನವರು ಯೋಗ ಕಲಿಯುತ್ತಿದ್ದೀರಾ ಎಂದು ಕೇಳಿದರು. ಹಣ್ಣುಗಳನ್ನೆಲ್ಲ ತಿಂದು ಮುಗಿಸಬೇಕಾದ್ದೂ ನಾನೇ. ಆ ಎರಡು ವಾರ ನನ್ನ ಹೆದರಿಕೆ ಕಡಿಮೆಯಾಗಿತ್ತು. ಕೈಗೆ ಒಂದು ಸಾಮಾನು ಬಂದಿತು, ಇನ್ನು ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಧೈರ್ಯ ಬಂದಿತ್ತು. ಸಾಮಾನು ಸರಿಯಾಗಿದ್ದರೆ ಸಾಲದು, ಕಂಡದ್ದನ್ನು ಬಾಯಿಬಿಟ್ಟು ಹೇಳಲೂ ಬೇಕು ಎಂಬುದು ಆಗ ಹೊಳೆದಿರಲಿಲ್ಲ.

ಲೆನ್ಸ್ ಬಂದಿದೆ ಎಂದು ಕಾಕಾ ಫೋನ್ ಮಾಡಿದ ದಿನ ಖುಷಿಯಿಂದಲೇ ಹೋದೆ. ಪರೀಕ್ಷೆಗೆಂದು ಕೆನ್ನೆ ಹಿಗ್ಗಿಸಿ ಹಿಡಿಯುವ ಪ್ಲಾಸ್ಟಿಕ್ಕಿನ ಕೊಕ್ಕೆಗಳನ್ನೂ ಬ್ಯಾಗಿನಲ್ಲಿ ಒಯ್ದಿದ್ದೆ. ಮಧ್ಯಾಹ್ನ, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಯಾರ ಬಾಯಿಯ ಫೋಟೋ ತೆಗೆಯುವುದು ಎಂದರೆ, "ನಂದ ಅದಲ್ರಿ, ಐವತ್ತೆಂಟ ವರ್ಷದ ಮಾಲು," ಎಂದು ಹೊರಗೆ ಹೋಗಿ ತಂಬಾಕು ಉಗುಳಿ, ಬಾಯಿ ಮುಕ್ಕಳಿಸಿ ಬಂದು ಸ್ಟೂಲಿನ ಮೇಲೆ ಕೂತರು. ಕೊಕ್ಕೆ ಹಾಕಿದೆ. ಒಂದು ಮೊಳ ದೂರ ನಿಂತೆ. ಉಸಿರು ಹಿಡಿದೆ. ಫ್ಲ್ಯಾಶ್ ಹೊಡೆಯಿತು. ಇಬ್ಬರೂ ಕ್ಯಾಮೆರಾದ ಹಿಂದಿನ ಪರದೆಯ ಮೇಲೆ ಬಗ್ಗಿದೆವು.

ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಎಡಗೆನ್ನೆಯ ಒಳಗೆ, ಕೆಳಗಿನ ವಸಡಿಗೆ ತಾಗಿ, ಬೆರಳಿನ ತುದಿಯಷ್ಟು ಒಂದು ಬಿಳಿ. ಅದರ ಒಂದು ಅಂಚು ಸ್ವಲ್ಪ ಎದ್ದಿತ್ತು, ನಡುವೆ ಸಾಸಿವೆಕಾಳಿನಷ್ಟು ಕೆಂಪು. ಕಾಲೇಜಿನ ಪುಸ್ತಕದಲ್ಲಿ ಬಾಯಿಯ ಕ್ಯಾನ್ಸರಿನ ಇಂಥದೇ ಚಿತ್ರವಿದ್ದ ಪುಟವನ್ನು ನೋಡಲು ಅಂಜಿ ಬೇಗ ತಿರುವಿ ಹಾಕುತ್ತಿದ್ದೆ. ಕಾಕಾ ಕೊಕ್ಕೆ ತೆಗೆದು, ತುಟಿ ಒರೆಸಿಕೊಂಡು, ಚಿತ್ರವನ್ನು ಹಿಗ್ಗಿಸಿ ನೋಡಿದರು. "ಚಮಕ್ ಬಿದ್ದದ," ಎಂದರು. ಫ್ಲ್ಯಾಶನ್ನು ಲೆನ್ಸಿನಿಂದ ಬಿಚ್ಚಿ ನನ್ನ ಎಡಗೈಗೆ ಕೊಟ್ಟರು. "ಬಾಜೂಕ ಹಿಡದು ಇನ್ನೊಂದ ತಗೀರಿ," ಎಂದು ಮತ್ತೆ ಕೊಕ್ಕೆ ಹಾಕಿಕೊಂಡರು.

ತೆಗೆದೆ. ಎಂಜಲಿನ ಮೇಲಿನ ಹೊಳಪು ಬಲಕ್ಕೆ ಸರಿದಿತ್ತು. ಬಿಳಿ ಸರಿದಿರಲಿಲ್ಲ. ಮೇಲಿನಿಂದ ಬೆಳಕು ಹಿಡಿದು ಇನ್ನೊಂದು. ಹೊಳಪು ಕೆಳಕ್ಕೆ ಓಡಿತ್ತು, ಬಿಳಿ ಕೂತಲ್ಲೇ ಕೂತಿತ್ತು... ರಸ್ತೆಯಲ್ಲಿ ಸಿಟಿ ಬಸ್ಸೊಂದು ಹಾರ್ನ್ ಬಾರಿಸುತ್ತ ಹೋಯಿತು. ಚಮಕ್ ಯಾವುದು, ಕಲೆ ಯಾವುದು ಎಂದು ನನಗೆ ಕಲಿಸಿದ ಮನುಷ್ಯ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಲೆನ್ಸನ್ನು ಬಿಚ್ಚಿ ಬೆಳಕಿಗೆ ಹಿಡಿದು, "ಸೆಕೆಂಡ್ ಹ್ಯಾಂಡ್ ಮಾಲ್ ನೋಡ್ರಿ, ಒಳಗ ಫಂಗಸ್ ಬಂದದ. ಅದಕ್ಕ ಬಿಳೇದು ಕಾಣ್ತದ. ಇದು ಬ್ಯಾಡ, ಬ್ಯಾರೆ ತರಸ್ತೀನಿ," ಎಂದರು.

ಲೆನ್ಸಿನೊಳಗೆ ಫಂಗಸ್ ಬಂದರೆ ಇಡೀ ಫೋಟೋ ಮಬ್ಬಾಗುತ್ತದೆ, ಅಂಚು ಎದ್ದ ಕಲೆಯಾಗಿ ಒಂದೇ ಕಡೆ ಕೂಡುವುದಿಲ್ಲ. ಇದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಲೆನ್ಸ್ ಬಿಚ್ಚಿದ ಅವರಿಗೆ ಗೊತ್ತಿರಲಿಲ್ಲವೇ? ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಲ್ಲ ಅನ್ನಬೇಕಿತ್ತು. ಕಾಕಾ ಇದು ಲೆನ್ಸಿನದಲ್ಲ, ನಾಳೆಯೇ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಅನ್ನಬೇಕಿತ್ತು. ಅಷ್ಟೇ ಮಾತು. ನನ್ನ ನಾಲಿಗೆ ಏಳಲಿಲ್ಲ. ಪೇಷಂಟಾದರೆ ಮೇಜಿನ ಆಚೆ ಇರುತ್ತಾರೆ, ಇವರು ಈಗಷ್ಟೇ ನಗುತ್ತ ಬಾಯಿ ತೆರೆದವರು. "ಹೌದ್ರಿ ಕಾಕಾ, ಬ್ಯಾರೆ ತರಸ್ರಿ," ಎಂದೆ. ಕ್ಯಾಮೆರಾ ಬ್ಯಾಗಿಗೆ ತುರುಕಿ ಹೊರಗೆ ಬಂದೆ. ಕೊಕ್ಕೆಗಳನ್ನು ಅಲ್ಲೇ ಮರೆತೆ.

ಕುಸನೂರಿಗೆ ಹೋಗುವ ಆಟೋದಲ್ಲೇ ಕ್ಯಾಮೆರಾ ತೆಗೆದು ಆ ಮೂರು ಫೋಟೋಗಳನ್ನು ಅಳಿಸಿದೆ. ಯಾಕೆ ಅಳಿಸಿದೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನೆಟ್ಟಗೆ ಉತ್ತರ ಬರುವುದಿಲ್ಲ. ಅವು ಇದ್ದರೆ ನಾನು ನೋಡಿದ ಹಾಗೆ, ಇಲ್ಲದಿದ್ದರೆ ನೋಡದ ಹಾಗೆ ಎಂದು ಒಂದು ಲೆಕ್ಕ ಇದ್ದಿರಬೇಕು. ಕಣ್ಣು ಮುಚ್ಚಿಕೊಂಡ ಮಗು ತನ್ನನ್ನು ಯಾರೂ ನೋಡುವುದಿಲ್ಲ ಅಂದುಕೊಳ್ಳುತ್ತದಲ್ಲ, ನನ್ನ ಬುದ್ಧಿ ಆ ಮಟ್ಟಕ್ಕೆ ಇಳಿದಿತ್ತು. ಮನೆಗೆ ಬಂದು ಅವ್ವ ಕೊಟ್ಟ ಚಹಾ ಕುಡಿಯಲಾರದೆ ಇಟ್ಟೆ.

ಆಮೇಲಿನ ಮೂವತ್ತೆಂಟು ದಿನ ನಾನು ಆ ಅಂಗಡಿಗೆ ಹೆದರಿದೆ. ದಿನವೂ ಎರಡು ಸಲ ಅದರ ಮುಂದೆಯೇ ಹಾಯಬೇಕು. ಆಟೋದಲ್ಲಿ ಆಚೆ ಬದಿಗೆ ಕೂತು, ಓಡನಿಯನ್ನು ಹಣೆಯವರೆಗೆ ಎಳೆದುಕೊಂಡು ಹಾಯುತ್ತಿದ್ದೆ. ನಾಳೆ ಹೇಳುತ್ತೇನೆ ಎಂದು ಹೋಗುವಾಗ ಅಂದುಕೊಂಡು, ಬರುವಾಗ ದಣಿದಿದ್ದೇನೆ ಎಂದು ಬಿಡುತ್ತಿದ್ದೆ. ಎರಡು ವಾರ ಕಳೆದ ಮೇಲೆ ಕಾಕಾ ಫೋನ್ ಮಾಡಿದರು, ಲೆನ್ಸ್ ಬಂದದ ಬರ್ರಿ. ಕೆಲಸ ಇದೆ ಎಂದೆ. ಮತ್ತೆ ನಾಲ್ಕು ದಿನ ಬಿಟ್ಟು ಅದೇ ಮಾತು. ಸೋದರಮಾವನ ಮನೆಯಲ್ಲಿ ಕಾರ್ಯ ಇದೆ ಎಂದೆ, ನನಗೆ ಸೋದರಮಾವನೇ ಇಲ್ಲ. ಮೂರನೆಯ ಸಲ ಫೋನು ಬಡಿದುಕೊಂಡಾಗ ಕೈಯಲ್ಲೇ ಹಿಡಿದು ಅದು ನಿಲ್ಲುವವರೆಗೆ ನೋಡಿದೆ. ಅದೇ ದಿನಗಳಲ್ಲಿ ಕ್ಲಿನಿಕ್ಕಿಗೆ ಬಂದ ಇಬ್ಬರು ಅಪರಿಚಿತರಿಗೆ, ನಿಮ್ಮ ಬಾಯಿಯ ಹುಣ್ಣು ಪರೀಕ್ಷೆ ಮಾಡಿಸಲೇಬೇಕು ಎಂದು ಗಟ್ಟಿಯಾಗಿ ಹೇಳಿ ಕಳಿಸಿದ್ದೆ. ಅಲ್ಲಿ ನನಗೆ ಬಾಯಿ ಇತ್ತು.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಕಾಕಾ ಕಮಲಾಪುರಕ್ಕೇ ಬಂದರು. ಕ್ಲಿನಿಕ್ಕಿನ ಬೆಂಚಿನ ಮೇಲೆ, ಪೇಷಂಟುಗಳ ನಡುವೆ, ಮಡಿಲಲ್ಲಿ ಒಂದು ಕ್ಯಾಮೆರಾ ಬ್ಯಾಗು ಇಟ್ಟುಕೊಂಡು ಕೂತಿದ್ದರು. ಅಂಗಡಿ ಬಿಟ್ಟು ಊರಾಚೆ ಹೋದವರೇ ಅಲ್ಲ. ಸರದಿ ಬರುವವರೆಗೂ ಎದ್ದು ಬರಲಿಲ್ಲ. ಒಳಗೆ ಬಂದ ಮೇಲೆ ಲೆನ್ಸ್ ತೆಗೆದು ನನ್ನ ಕೈಗೆ ಕೊಟ್ಟು, "ಹೊಸ ಲೆನ್ಸ್ ತಂದೀನಿ. ನೋಡ್ರಿ ಹೆಂಗ ಬರ್ತದ," ಎಂದು ಕೇಳದೇ ಕುರ್ಚಿಗೆ ಒರಗಿ ಬಾಯಿ ತೆರೆದರು. ನಾನು ಲೆನ್ಸಿನ ಕಡೆ ಸರಿಯಾಗಿ ನೋಡಲೂ ಇಲ್ಲ. ಮೂರು ಸಲ ತೆಗೆದ ಮೇಲೆ ಫೋಕಸ್ ಸಿಕ್ಕಿತು. ಬಿಳಿ ಹರಡಿತ್ತು. ಸಾಸಿವೆಕಾಳು ಈಗ ಕಡಲೆಕಾಳಾಗಿತ್ತು.

ಅವರು ಪರದೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. "ಚಮಕ್ ಏನ್ರಿ?"

"ಅಲ್ರಿ ಕಾಕಾ."

ತಲೆ ಆಡಿಸಿದರು. "ನೋವಂತೂ ಇಲ್ಲವ್ವಾ," ಎಂದರು. ಅದೇ ಮೊದಲ ಸಲ ಅವರು ನನ್ನನ್ನು ಅವ್ವಾ ಎಂದದ್ದು. ನೋವಿಲ್ಲದ್ದಕ್ಕೇ ಹೆಚ್ಚು ಹೆದರಬೇಕು ಎಂದು ನಾನು ಹೇಳಲಿಲ್ಲ. ಅವತ್ತೇ ಪರೀಕ್ಷೆಗೆ ಕಳಿಸಿದೆ. ವರದಿ ಬರುವ ಮೊದಲೇ ನಮ್ಮಿಬ್ಬರಿಗೂ ಅದು ಗೊತ್ತಿತ್ತು.

ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೊದಲ ಸಲ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ, ಕಾಕುವೂ ಇದ್ದರು. ಸರ್ಜನ್ ಕೇಳಿದರು, ಇದನ್ನು ಮೊದಲು ನೋಡಿದ್ದು ಯಾವಾಗ? ಕಾಕಾ ನನ್ನ ಕಡೆ ತಿರುಗದೇ, "ಹೋದ ವಾರ ರೀ, ಕಮಲಾಪುರದಾಗ ಈ ಬಾಯಾರೇ ನೋಡಿದ್ರು," ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಅದು ಎರಡನೆಯ ಸಲ. ಮೊದಲನೆಯ ಸಲಕ್ಕಾದರೂ ಎಳಸು, ಹೆದರಿಕೆ ಎಂಬ ನೆಪವಿತ್ತು. ಎರಡನೆಯದರಲ್ಲಿ ಬಚಾವಾದೆ ಎಂಬ ಸಮಾಧಾನವೂ ಸೇರಿತ್ತು, ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮೂವತ್ತೊಂಬತ್ತು ದಿನ ಮೊದಲೇ ಬಂದಿದ್ದರೆ ಏನಾದರೂ ಫರಕು ಬೀಳುತ್ತಿತ್ತೇ ಎಂದು ಆ ಸರ್ಜನ್‌ರನ್ನಾಗಲೀ ನನ್ನ ಗುರುಗಳನ್ನಾಗಲೀ ನಾನು ಇವತ್ತಿನವರೆಗೆ ಕೇಳಿಲ್ಲ. ಇಲ್ಲ ಅಂದಾರು, ಹೌದೂ ಅಂದಾರು.

ದವಡೆಯ ಒಂದು ಭಾಗ ತೆಗೆದರು. ಮಾತು ಮುದ್ದೆಯಾಯಿತು, ಕಾಕುಗೆ ಮಾತ್ರ ಅರ್ಥವಾಗುತ್ತಿತ್ತು. ಗಂಜಿ, ಹಾಲು, ನಳಿಕೆ. ಆದರೂ ಅಂಗಡಿಗೆ ಇಳಿದು ಬಂದು ಕೂಡುತ್ತಿದ್ದರು. ಗಿರಾಕಿಗಳಿಗೆ ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದರು, ಆಗಲೂ ಕೇಳಿದ್ದನ್ನು ಕೊಡದೇ ಬೇರೆಯದನ್ನೇ ಕೊಡುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗಿ ಗಾಯ ನೋಡಿ ಬರುತ್ತಿದ್ದೆ. ಬಂದವರಿಗೆಲ್ಲ ಕಾಕು ನನ್ನ ಕೈ ಹಿಡಿದು ಹೇಳುತ್ತಿದ್ದರು, "ಇಕಿ ಫೋಟೋ ತಗದಿದ್ದಕ್ಕ ಗೊತ್ತಾತ್ರಿ. ಇಲ್ಲಂದ್ರ ಇಷ್ಟ ದಿನಾನೂ ಇರ್ತಿದ್ದಿಲ್ಲ." ಆ ಮಾತು ಕೇಳುವಾಗ ಕಾಕಾ ಬಗ್ಗಿ ಏನಾದರೂ ಒರೆಸುತ್ತಿದ್ದರು. ಎರಡು ವರ್ಷ ಹಾಗೇ ನಡೆಯಿತು. ಮತ್ತೆ ಕುತ್ತಿಗೆಗೆ ಬಂತು... ಒಂದು ಸೋಮವಾರ ಮುಂಜಾನೆ ಹೋದರು. ಮಣ್ಣಿಗೆ ಹೋಗಿ ಬಂದೆ. ಕಾಕುಗೆ ನಿಜ ಹೇಳುವುದು ಆಗಲೂ ಆಗಲಿಲ್ಲ. ದಿನಕರ್ಮ ಮುಗಿಯಲಿ, ವರ್ಷಾಂತಿಕ ಮುಗಿಯಲಿ ಎಂದು ಮುಂದೆ ಹಾಕುತ್ತ ಬಂದೆ.

ಕಳೆದ ವಾರ ಆ ಕಂಪ್ಯೂಟರಿನ ಮುಂದೆ ಕೂತಾಗ ನನ್ನ ಮನಸ್ಸಿನಲ್ಲಿ ಇದಿಷ್ಟೂ ಇತ್ತು. ಕಾಕು ಪಕ್ಕದ ಸ್ಟೂಲಿನ ಮೇಲೆ ಕೂತು ಹಳೆಯ ಬಿಲ್ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಮಗಳ ಮದುವೆಯ ಫೋಟೋ, ಶ್ರಾವಣದ ಪೂಜೆ, ಮೊಮ್ಮಗನ ತೊಟ್ಟಿಲು, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕುತ್ತ ಹೋದೆ. ಕೊನೆಯಲ್ಲಿ 'ಟೆಸ್ಟ್' ಎಂಬ ಒಂದು ಫೋಲ್ಡರಿತ್ತು. ಲೆನ್ಸ್ ಪರೀಕ್ಷೆಯ ಫೋಟೋ ಇರಬೇಕು ಎಂದು ತೆರೆದೆ.

ಹನ್ನೊಂದು ಫೋಟೋ. ಹನ್ನೊಂದರಲ್ಲೂ ಒಂದೇ ಬಾಯಿ. ಕೆನ್ನೆಯನ್ನು ಎಳೆದು ಹಿಡಿದದ್ದು ನಾನು ಮರೆತು ಬಂದ ಕೊಕ್ಕೆಗಳು. ತಾರೀಖಿನ ಪ್ರಕಾರ ಮೊದಲನೆಯದು ನಾನು ಅಂಗಡಿಯಿಂದ ಓಡಿಬಂದ ಮರುದಿನದ್ದು. ಆಮೇಲೆ ಮೂರು ನಾಲ್ಕು ದಿನಕ್ಕೊಂದು. ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ಟೈಮರ್ ಇಟ್ಟು, ಎದುರು ಕೂತು ತಾವೇ ತೆಗೆದಿದ್ದಾರೆ. ಒಂದರಲ್ಲಿ ಬೆಳಕು ಎಡದಿಂದ, ಒಂದರಲ್ಲಿ ಬಲದಿಂದ, ಒಂದರಲ್ಲಿ ಕೆಳಗಿನಿಂದ. ಹೊಳಪು ಒಂದೊಂದರಲ್ಲಿ ಒಂದೊಂದು ಕಡೆ ಇತ್ತು. ಬಿಳಿ ಎಲ್ಲದರಲ್ಲೂ ಅಲ್ಲೇ ಇತ್ತು, ಒಂದರಿಂದ ಒಂದಕ್ಕೆ ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತ.

ಫೋಟೋದ ಜೊತೆಗೆ ಯಾವ ಲೆನ್ಸಿನಿಂದ ತೆಗೆದದ್ದು, ಅದರ ನಂಬರೇನು ಎಂಬುದೂ ದಾಖಲಾಗಿರುತ್ತದೆ. ಹನ್ನೊಂದಕ್ಕೂ ಒಂದೇ ನಂಬರು. ನನ್ನ ಲೆನ್ಸ್ ಬ್ಯಾಗಿನಲ್ಲೇ ಇತ್ತು, ಕಮಲಾಪುರಕ್ಕೆ ಅವರು ತಂದುಕೊಟ್ಟದ್ದು. ತಿರುಗಿಸಿ ನೋಡಿದೆ. ಅದರ ಮೇಲೂ ಅದೇ ನಂಬರು. ಅಂದರೆ ಫಂಗಸ್ ಬಂದಿದೆ ಎಂದು ಅವರು ಬೇಡವೆಂದ ಲೆನ್ಸೂ, ಹೊಸದು ಎಂದು ತಂದುಕೊಟ್ಟ ಲೆನ್ಸೂ ಒಂದೇ. ಬೇರೆ ಲೆನ್ಸನ್ನು ಅವರು ತರಿಸಿರಲೇ ಇಲ್ಲ. ಎರಡು ಸಲ ಫೋನ್ ಮಾಡಿ ಲೆನ್ಸ್ ಬಂದದ ಬರ್ರಿ ಅಂದಾಗ ಬಂದ ಲೆನ್ಸ್ ಯಾವುದೂ ಇರಲಿಲ್ಲ. ಹೆದರಿದ ಮನುಷ್ಯ ನೇರವಾಗಿ ಕೇಳಲಾರದೆ ನನ್ನನ್ನು ಕರೆದಿದ್ದರು, ನಾನು ಫೋನು ಕೈಯಲ್ಲಿ ಹಿಡಿದು ಅದು ನಿಲ್ಲುವುದನ್ನು ಕಾಯುತ್ತಿದ್ದೆ. ಅವರಿಗೂ ಹೆದರಿಕೆ ಇದ್ದೀತು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ನನ್ನ ಹೆದರಿಕೆಯನ್ನೇ ದೊಡ್ಡದು ಮಾಡಿಕೊಂಡು ಕೂತಿದ್ದೆ.

"ಅವೇನ್ ಫೋಟೋ ಅವ್ವಾ?" 

ನನ್ನ ಬೆರಳು ಆಗಲೇ ಡಿಲೀಟ್ ಗುಂಡಿಯ ಮೇಲಿತ್ತು. ನಾನು ಇಟ್ಟದ್ದಲ್ಲ, ತಾನೇ ಹೋಗಿತ್ತು. ಹಳೆಯ ರೂಢಿ. ಬೆರಳು ತೆಗೆದೆ. ಮಾನಿಟರನ್ನು ಅವರ ಕಡೆ ತಿರುಗಿಸಿದೆ.

"ಕಾಕಾನ ಬಾಯಿ ರೀ, ಕಾಕು. ನಾ ಕಮಲಾಪುರದಾಗ ನೋಡಿದ್ದು ಮೊದಲನೇ ಸಲ ಅಲ್ಲ. ಇಲ್ಲೇ, ಇದೇ ಸ್ಟೂಲಿನ ಮ್ಯಾಲ, ಅದಕಿಂತ ಮೂವತ್ತೊಂಬತ್ತ ದಿನ ಮೊದಲ ನೋಡಿದ್ದೆ. ಅಂಜಿ ಹೇಳಲಿಲ್ಲ."

ಕಾಕು ನನ್ನ ಕಡೆ ನೋಡುತ್ತಾರೆ, ಕೈ ಎತ್ತುತ್ತಾರೆ, ಇಲ್ಲವೇ ಹೊರಗೆ ಹೋಗು ಅನ್ನುತ್ತಾರೆ ಎಂದು ಮೈ ಬಿಗಿ ಹಿಡಿದು ಕೂತೆ. ಅವರು ಫೋಟೋಗಳನ್ನೇ ನೋಡುತ್ತಿದ್ದರು. ಮೊದಲನೆಯದರಿಂದ ಹನ್ನೊಂದನೆಯದರವರೆಗೆ, ಪ್ರತಿಯೊಂದನ್ನೂ ಬೆರಳಿನಿಂದ ಮುಟ್ಟಿ. ಕೊನೆಗೆ ಕೇಳಿದರು, "ಇವೆಲ್ಲಾ ಒಬ್ಬರೇ ಕುಂತು ತಕ್ಕೊಂಡಾರೇನು?"

"ಹೌದ್ರಿ."

"ನಾ ಮ್ಯಾಲೇ ಇದ್ನಲ್ಲವ್ವಾ," ಎಂದರು.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಕಾಲು ಹಿಡಿದು ಎದ್ದು ಹೋಗುತ್ತಿದ್ದೆ. ಆ ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳಿದರು, ಒಮ್ಮೆ ನನಗೆ, ಒಮ್ಮೆ ಪರದೆಗೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಇವನ್ನೂ ಅದರಾಗ ಹಾಕು ಎಂದರು. ಮದುವೆಯ ಫೋಟೋಗಳ ಪಕ್ಕದಲ್ಲಿ ಆ ಹನ್ನೊಂದನ್ನೂ ಪೆನ್‌ಡ್ರೈವಿಗೆ ಹಾಕಿದೆ. ಅದನ್ನು ಕಿತ್ತು ಕಾಕುವಿನ ಕಡೆ ಚಾಚಿದೆ. ಅವರು ಅದರ ಜೊತೆಗೆ ನನ್ನ ಕೈಯನ್ನೂ ಹಿಡಿದುಕೊಂಡರು.